ಹಳೆ ಹಾರ್ಡ್ ಡಿಸ್ಕ್, ಹೊಸ ಬೋರ್ಡ್: ವಿಂಡೋಸ್ ಮತ್ತೆ ಹಾಕದೆ ಎಬ್ಬಿಸಿದ್ದು

ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ವಿಂಡೋಸ್ ಏಳುವುದಿಲ್ಲ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕುವುದೊಂದೇ ದಾರಿ ಅಂತ ಬಲ್ಲವರೇ ಹೇಳಿದ್ದರು. ಏಳುತ್ತದೆ. ಇಂಟೆಲ್ ಮದರ್‌ಬೋರ್ಡಿನಲ್ಲಿ ಲೆಗಸಿ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಹಳೆ ಕಾಲದ ವ್ಯವಸ್ಥೆ) ಮೇಲೆ ಓಡುತ್ತಿದ್ದ 500 ಜಿಬಿಯ ವಿಂಡೋಸ್ 10 ಡಿಸ್ಕು ಈಗ ಯುಇಎಫ್‌ಐ (ಅದರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಮಾತ್ರ ಗೊತ್ತಿರುವ ಎಎಂಡಿ ಬೋರ್ಡಿನಲ್ಲಿ ಓಡುತ್ತಿದೆ. ಒಂದೇ ಒಂದು ಸಾಫ್ಟ್‌ವೇರನ್ನೂ ಮತ್ತೆ ಇನ್‌ಸ್ಟಾಲ್ ಮಾಡಿಲ್ಲ. ಗುಟ್ಟು ಇಷ್ಟೇ: ಹೊಸ ಬೋರ್ಡಿಗೆ ಕೇಬಲ್ ಚುಚ್ಚುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರಬೇಕು.

ಅಸಲು ಡಿಸ್ಕಿನ ಮೇಲೆ ಕೈಯಾಡಿಸಬೇಡಿ, ಅದರ ನಕಲು ತೆಗೆದು ನಕಲಿನ ಮೇಲೆ ಕೆಲಸ ಮಾಡಿ. ಮೊದಲು ಸ್ಮಾರ್ಟ್ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ನೋಡಿ: ಅದರಲ್ಲಿ ಕೆಟ್ಟ ಸೆಕ್ಟರುಗಳನ್ನು ಎಣಿಸುವ 5 ಮತ್ತು 197ನೇ ಸಾಲು ಸೊನ್ನೆ ಇಲ್ಲದಿದ್ದರೆ ಡಿಸ್ಕಿಗೆ ಆಯಸ್ಸು ಕಡಿಮೆ ಅಂತಲೇ ತಿಳಿದು ಕೆಲಸ ಮಾಡಿ, ಚೆಕ್‌ಡಿಸ್ಕ್ ಓಡಿಸಲೇಬೇಡಿ. ಡೇಟಾ ಸಾಗಿಸುವಾಗಿನ ತಪ್ಪು ಎಣಿಸುವ 199 ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ತಪ್ಪು ಸಾಮಾನ್ಯವಾಗಿ ಡಿಸ್ಕಿನದಲ್ಲ. ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದಲೂ ನಕಲು ತೆಗೆಯುವ ಸಾಧನ) ಎರಡು ಸುತ್ತು: ಮೊದಲ ಸುತ್ತಿನಲ್ಲಿ ಕೆಟ್ಟ ಜಾಗವನ್ನು ಕೆದಕದೆ ದಾಟಿಸಿ, ಎರಡನೆಯದರಲ್ಲಿ ಉಳಿದಿದ್ದಕ್ಕೆ ಮಾತ್ರ ಮೂರು ಸಲ ಪ್ರಯತ್ನ. ಮ್ಯಾಪ್ ಫೈಲ್ ಇಡದೆ ಶುರು ಮಾಡಬೇಡಿ. ಎಲ್ಲಿಯವರೆಗೆ ನಕಲಾಯಿತು ಅಂತ ಬರೆದಿಡುವ ಆ ಫೈಲ್ ಇಲ್ಲದಿದ್ದರೆ, ನಡುವೆ ಕರೆಂಟ್ ಹೋದಾಗ ಮೊದಲಿಂದ ಶುರು. ವೇಗ ಆರಂಭದಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಇರುತ್ತದೆ, ಒಳಗಿನ ಟ್ರ್ಯಾಕ್‌ಗಳಿಗೆ ಬರುವಾಗ 55ಕ್ಕೆ ಇಳಿಯುತ್ತದೆ. ಅದು ರೋಗವಲ್ಲ, ತಿರುಗುವ ತಟ್ಟೆಯ ಗುಣ. ನೇರ ಸಾಟಾದಲ್ಲಿ (ಬೋರ್ಡಿಗೆ ಡಿಸ್ಕ್ ಜೋಡಿಸುವ ಕೇಬಲ್) ಸುಮಾರು ಎರಡು ಗಂಟೆ, ಯುಎಸ್‌ಬಿ 2ರಲ್ಲಿ ಐದು ಗಂಟೆಯ ಹತ್ತಿರ.

ದುಡ್ಡು ದಂಡವಾಗಿದ್ದು ಎರಡು ಕಡೆ. ಒಂದು, 480 ಜಿಬಿ ಎಸ್‌ಎಸ್‌ಡಿ. 500 ಜಿಬಿ ಡಿಸ್ಕಿನಲ್ಲಿ 97,67,73,168 ಸೆಕ್ಟರ್ (ಡೇಟಾ ಬರೆಯುವ ಪುಟ್ಟ ತುಂಡು) ಇರುತ್ತವೆ. 480ರದ್ದರಲ್ಲಿ ಇಪ್ಪತ್ತು ಜಿಬಿ ಕಡಿಮೆ, ಸೆಕ್ಟರಿಗೆ ಸೆಕ್ಟರ್ ನಕಲು ಹಿಡಿಸುವುದಿಲ್ಲ. ಕೊನೆಗೆ 500ರದ್ದನ್ನೇ ತರಬೇಕಾಯಿತು. ಎರಡು, ಯುಎಸ್‌ಬಿ ಡಾಕ್, ಅಂದರೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ತೊಟ್ಟಿಲು. ಕೆಲವು ಡಾಕ್‌ಗಳು 512 ಬೈಟಿನ ಸೆಕ್ಟರನ್ನು 4096 ಅಂತ ತೋರಿಸುತ್ತವೆ. ಅದರಲ್ಲಿಟ್ಟ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು (ಡಿಸ್ಕು ಯಾವ್ಯಾವ ಭಾಗಗಳಾಗಿದೆ ಎಂಬ ದಾಖಲೆ) ವಿಂಡೋಸ್ ತಪ್ಪಾಗಿ ಓದುತ್ತದೆ, ಡಿಸ್ಕ್ ಮ್ಯಾನೇಜ್‌ಮೆಂಟ್ "ಇನಿಷಿಯಲೈಸ್ ಮಾಡಲೇ?" ಅಂತ ಕೇಳುತ್ತದೆ. ಅಲ್ಲಿ ಓಕೆ ಒತ್ತಿದರೆ ಪಾರ್ಟಿಷನ್ ಪಟ್ಟಿ ಹೋಯಿತು. ಡಾಕ್ ಬದಿಗಿಟ್ಟು ನೇರ ಸಾಟಾಕ್ಕೇ ಚುಚ್ಚಿ.

ನಕಲು ತೆಗೆಯುವ ಮೊದಲು ಹಳೆ ಕಂಪ್ಯೂಟರಿನಲ್ಲಿ ನಾಲ್ಕು ಕೆಲಸ: ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ ಪೂರ್ತಿ ತೆಗೆಯಿರಿ, ಇಲ್ಲವೇ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಹೈಬರ್ನೇಷನ್ ಆಫ್ ಮಾಡಿ ಶಟ್‌ಡೌನ್ ಮಾಡಿ. ಅಕೌಂಟಿನ ಪಾಸ್‌ವರ್ಡ್ ನೆನಪಿದೆಯೇ ಖಾತ್ರಿ ಮಾಡಿಕೊಳ್ಳಿ. ಪಿನ್ ಹಳೆ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿರಬಹುದು, ಹೊಸದರಲ್ಲಿ ನಡೆಯದು. ವಿಂಡೋಸ್ 64 ಬಿಟ್ ಹೌದೇ ನೋಡಿ. 32 ಆಗಿದ್ದರೆ 64 ಬಿಟ್ ಯುಇಎಫ್‌ಐನಲ್ಲಿ ಬೂಟ್ ಆಗುವುದಿಲ್ಲ, ಇಲ್ಲಿಗೇ ನಿಲ್ಲಿಸಿ.

ಇನ್ನು ಪರಿವರ್ತನೆ. ನಕಲನ್ನು ಒಂಟಿಯಾಗಿ ಹಳೆ ಕಂಪ್ಯೂಟರಿಗೆ ಹಾಕಿ, ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಎಬ್ಬಿಸಿ, ಶಿಫ್ಟ್ ಎಫ್10 ಒತ್ತಿ ಎಂಬಿಆರ್2ಜಿಪಿಟಿ ಓಡಿಸಿ. ಡಿಸ್ಕಿನ ಹಳೆ ಬಗೆಯ ಪಾರ್ಟಿಷನ್ ಪಟ್ಟಿಯನ್ನು (ಎಂಬಿಆರ್) ಯುಇಎಫ್‌ಐಗೆ ಬೇಕಾದ ಹೊಸ ಬಗೆಗೆ (ಜಿಪಿಟಿ) ಬದಲಿಸುವುದು ಇದೇ. ಪೆನ್‌ಡ್ರೈವಿನಲ್ಲಿ ವಿಂಡೋಸ್ 10ರ 1703 ಅಥವಾ ಅದಕ್ಕಿಂತ ಹೊಸತು ಇರಬೇಕು. ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್. ನನ್ನದು ವ್ಯಾಲಿಡೇಟ್‌ನಲ್ಲೇ ಬಿತ್ತು. ಕಾರಣ ಡಿ ಡ್ರೈವ್: ಹಳೆ ಕಾಲದ ರೂಢಿಯಂತೆ ಅದು ಎಕ್ಸ್‌ಟೆಂಡೆಡ್ ಎಂಬ ದೊಡ್ಡ ಪಾರ್ಟಿಷನ್ನಿನ ಒಳಗೆ ಕೂತ ಲಾಜಿಕಲ್ ಪಾರ್ಟಿಷನ್. ಈ ಸಾಧನ ಮೂರು ಪ್ರೈಮರಿ (ನೇರವಾಗಿ ಪಟ್ಟಿಯಲ್ಲಿರುವ ಪಾರ್ಟಿಷನ್) ವರೆಗೆ ಮಾತ್ರ ಒಪ್ಪುತ್ತದೆ, ಲಾಜಿಕಲ್ಲನ್ನು ಮುಟ್ಟುವುದೇ ಇಲ್ಲ. ಡಿಯಲ್ಲಿದ್ದದ್ದನ್ನು ಬೇರೆ ಡಿಸ್ಕಿಗೆ ಎತ್ತಿಟ್ಟು, ನಕಲಿನಲ್ಲಿ ಎಕ್ಸ್‌ಟೆಂಡೆಡ್ ಅಳಿಸಿದ ಮೇಲೆ ಒಂದೇ ನಿಮಿಷದಲ್ಲಿ ಮುಗಿಯಿತು.

ನಂತರ ಬರುವುದು ಎಲ್ಲರೂ ಎಡವುವ ಜಾಗ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ. ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ ಎರಡರಲ್ಲಿ ಬೇರೆ: ಹಳೆ ಬಯಾಸ್‌ನಲ್ಲಿ ಸಾಟಾ ರೇಡ್ ಮೋಡಿನಲ್ಲಿತ್ತು, ಹೊಸದು ಎಎಚ್‌ಸಿಐ. ಎಎಚ್‌ಸಿಐ ಡ್ರೈವರ್ ವಿಂಡೋಸ್ ಒಳಗೇ ಇದೆ, ಆದರೆ ಬಳಕೆಯಲ್ಲಿಲ್ಲ ಅಂತ ಅದನ್ನು ಮಲಗಿಸಿಟ್ಟಿರುತ್ತದೆ. ಪೆನ್‌ಡ್ರೈವಿನಲ್ಲೇ ರೆಜೆಡಿಟ್ (ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿ ತಿದ್ದುವ ಸಾಧನ) ತೆರೆದು, ನಕಲಿನ ಸಿಸ್ಟಮ್ ಹೈವ್ (ಆ ರಿಜಿಸ್ಟ್ರಿಯ ಒಂದು ಫೈಲು) ಲೋಡ್ ಮಾಡಿ. ಹೊರಗಿನಿಂದ ತೆರೆದಾಗ ಕರೆಂಟ್ ಕಂಟ್ರೋಲ್ ಸೆಟ್ ಕಾಣುವುದಿಲ್ಲ. ಸೆಲೆಕ್ಟ್ ಕೀಯಲ್ಲಿನ ಕರೆಂಟ್ ಬೆಲೆ 1 ಇದ್ದರೆ ಕಂಟ್ರೋಲ್‌ಸೆಟ್001. ಅದರ ಸರ್ವಿಸಸ್ ಕೆಳಗೆ ಸ್ಟೋರ್‌ಎಎಚ್‌ಸಿಐ ಹುಡುಕಿ ಸ್ಟಾರ್ಟ್ 0 ಮಾಡಿ, ಒಳಗಿನ ಸ್ಟಾರ್ಟ್‌ಓವರ್‌ರೈಡ್ ಕೀಯನ್ನು ಅಳಿಸಿ. ಸ್ಟಾರ್ಟ್ ಮಾತ್ರ ತಿದ್ದಿ ಓವರ್‌ರೈಡ್ ಬಿಟ್ಟಾಗ ಮತ್ತದೇ ನೀಲಿ ಪರದೆ ಬಂತು. ಅರ್ಧ ದಿನ ಅದಕ್ಕೇ ಹೋಯಿತು. ಕೊನೆಗೆ ಹೈವ್ ಅನ್‌ಲೋಡ್ ಮಾಡಲು ಮರೆಯಬೇಡಿ.

ಬೂಟ್ ಫೈಲುಗಳು ಸರಿ ಇಲ್ಲದಿದ್ದರೆ ಇಎಫ್‌ಐ ಪಾರ್ಟಿಷನ್ನಿಗೆ (ಬೂಟ್ ಫೈಲುಗಳು ಇರುವ ಪುಟ್ಟ ಭಾಗ) ಎಸ್ ಅಕ್ಷರ ಕೊಟ್ಟು, ಆ ಫೈಲುಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಅನ್ನು ಯುಇಎಫ್‌ಐ ಆಯ್ಕೆಯೊಂದಿಗೆ ಓಡಿಸಿ. ಸೇಫ್ ಮೋಡಿನಲ್ಲಿ (ಅಗತ್ಯದ ಡ್ರೈವರ್ ಮಾತ್ರ ಇರುವ ಸ್ಥಿತಿ) ಏಳಲಿ ಎಂಬ ಸೇಫ್ ಬೂಟ್ ಗುರುತು ಹಾಕುವುದಿದ್ದರೆ ಇದಾದ ಮೇಲೆಯೇ ಹಾಕಿ, ಹೊಸ ಬಿಸಿಡಿ (ಬೂಟ್ ಸೆಟ್ಟಿಂಗುಗಳ ಫೈಲು) ಬರೆದರೆ ಹಳೆ ಗುರುತು ಉಳಿಯುವುದಿಲ್ಲ. ಹೊಸ ಬೋರ್ಡಿನಲ್ಲಿ ಮೊದಲ ಬೂಟ್ ಸೇಫ್ ಮೋಡಿನಲ್ಲೇ ಆಗಲಿ. ಅಲ್ಲಿಂದ ಹೊರಬಂದು ಎರಡು ಮೂರು ರೀಸ್ಟಾರ್ಟ್ ಆಗುವಷ್ಟರಲ್ಲಿ ಡಿವೈಸ್‌ಗಳೆಲ್ಲ ತಾವೇ ಕೂರುತ್ತವೆ.

ಅಸಲು ಮತ್ತು ನಕಲು ಎರಡನ್ನೂ ಒಟ್ಟಿಗೆ ಚುಚ್ಚಬಾರದು. ಎರಡರದ್ದೂ ಒಂದೇ ಸಿಗ್ನೇಚರ್ (ಡಿಸ್ಕಿನ ಗುರುತಿನ ಸಂಖ್ಯೆ), ಹಾಗಾಗಿ ಒಂದನ್ನು ವಿಂಡೋಸ್ ಆಫ್‌ಲೈನ್ ಮಾಡುತ್ತದೆ. ಆನ್‌ಲೈನ್ ಅಂತ ಒತ್ತಿದರೆ ಅದಕ್ಕೆ ಹೊಸ ಸಿಗ್ನೇಚರ್ ಬೀಳುತ್ತದೆ, ಆಮೇಲೆ ಆ ಡಿಸ್ಕು ಬೂಟ್ ಆಗುವುದಿಲ್ಲ. ನನ್ನ ಮೊದಲ ನಕಲು ಹೀಗೇ ನೀರಲ್ಲಿ ಹೋಮವಾಯಿತು.

ನಡುವೆ ಒಂದೆರಡು ಪ್ರಯೋಗ. ವಿಂಡೋಸ್ 7 ಡಿಸ್ಕು ಸಿಎಸ್‌ಎಂ (ಯುಇಎಫ್‌ಐ ಬೋರ್ಡು ಹಳೆ ಬಯಾಸ್‌ನಂತೆ ನಡೆದುಕೊಳ್ಳುವ ಸೌಲಭ್ಯ) ಇರುವ ಬೋರ್ಡಿನಲ್ಲಿ ಎದ್ದಿತು, ಆದರೆ ಯುಎಸ್‌ಬಿ 3 ಡ್ರೈವರ್ ಅದರಲ್ಲಿಲ್ಲ. ಲಾಗಿನ್ ಪರದೆಯಲ್ಲಿ ಕೀಬೋರ್ಡ್ ಸತ್ತಿತ್ತು. ಯುಎಸ್‌ಬಿ ಬೇಡದ, ಹಳೆ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಕಾಪಾಡಿತು. ಉಬುಂಟು ಡಿಸ್ಕು ಏನೂ ಮಾಡದೆ ಎದ್ದಿತು, ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿದ್ದಷ್ಟೇ ತೊಂದರೆ. ಡಿಸ್ಕ್2ವಿಎಚ್‌ಡಿ ಎಂಬ ಸಾಧನದಿಂದ ಹಳೆ ಡಿಸ್ಕನ್ನು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರ್) ಮಾಡುವುದು ಇದೆಲ್ಲಕ್ಕಿಂತ ಸುಲಭ. ಸಾಫ್ಟ್‌ವೇರ್ ಅಪರೂಪಕ್ಕೆ ಬೇಕಿದ್ದರೆ ಅದೇ ಸಾಕು.

ಲೈಸೆನ್ಸ್ ವಿಷಯ: ಒಇಎಂ (ಕಂಪ್ಯೂಟರಿನ ಜೊತೆಗೇ ಬಂದದ್ದು) ಆದರೆ ಹಳೆ ಬೋರ್ಡಿಗೇ ಸೇರಿದ್ದು, ರೀಟೇಲ್ (ಬೇರೆಯಾಗಿ ಕೊಂಡದ್ದು) ಆದರೆ ಹೊತ್ತೊಯ್ಯಬಹುದು. ವಿಂಡೋಸಿನ ಲೈಸೆನ್ಸ್ ಕಮಾಂಡ್ ಎಸ್‌ಎಲ್‌ಎಂಜಿಆರ್‌ಗೆ ಡಿಎಲ್‌ವಿ ಆಯ್ಕೆ ಕೊಟ್ಟರೆ ಯಾವುದೆಂದು ಹೇಳುತ್ತದೆ. ನೆಟ್‌ವರ್ಕ್ ಕಾರ್ಡ್ ನೋಡಿ ಲಾಕ್ ಆಗುವ ಹಳೆ ಸಾಫ್ಟ್‌ವೇರುಗಳಿಗೆ ನಾನು ಬಳಸುವ ಕ್ರಮ ಬೇರೆಯೇ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕೊನೆಗೆ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಡಿವೈಸ್‌ಗಳನ್ನು ತೋರಿಸಿ, ಮಸುಕಾಗಿ ಕಾಣುವ ಹಳೆ ನೆಟ್‌ವರ್ಕ್ ಕಾರ್ಡನ್ನು ತೆಗೆಯಿರಿ. ಇಲ್ಲದಿದ್ದರೆ ಹಳೆ ಸ್ಥಿರ ಐಪಿಯನ್ನು ಹೊಸ ಕಾರ್ಡಿಗೆ ಕೊಡಲು ಹೋದಾಗ, ಅದು ಆಗಲೇ ಬೇರೆ ಅಡಾಪ್ಟರಿಗೆ ಇದೆ ಅಂತ ವಿಂಡೋಸ್ ತಗಾದೆ ತೆಗೆಯುತ್ತದೆ.