"ಗೊತ್ತೈತಿ ಬಿಡಪಾ" ಅನ್ನೋ ಚಟ ಬಿಡ್ರಿ

ಎಲ್ಲರಿಗೂ ನಮಸ್ಕಾರ್ರೀ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಸಭೆ ಅಂದ್ರ ಗೊತ್ತಲ್ಲ? ಕೆಳಭಾಗದ ರೈತ ಬಾಯಿ ತೆಗೆಯೋದೇ ತಡ, ಮೇಲ್ಭಾಗದವ "ಗೊತ್ತೈತಿ ಬಿಡಪಾ" ಅಂತಾನ. ಕೆಳಭಾಗದವ ಹೇಳಾಕ ಬಂದಿದ್ದು ನೀರು ಸಾಲವಲ್ದು ಅಂತಲ್ಲ, ತೂಬಿನ ಗೇಟು ಕೆಟ್ಟೈತಿ ಅಂತ. ಆ ಮಾತು ಸಭೆ ಮುಗಿದು ಚಹಾ ಕುಡಿಯೋವಾಗ ಹೊರಗ ಬರ್ತೈತಿ.

ನನ್ನ ಪ್ರಕಾರ ಇನ್ನೊಬ್ರ ಮಾತು ಕೇಳೋವಾಗ ಎಲ್ಲಕ್ಕಿಂತ ಕೆಟ್ಟ ಚಟ ಇದೇ. ಕಾರಣಾನೂ ಐತಿ. ಕೇಳುವಿಕೆ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ರಾಲ್ಫ್ ನಿಕೋಲ್ಸ್ 1950ರ ದಶಕದಾಗೇ ಬರದಂಗ, ಮಾತು ನಿಮಿಷಕ್ಕ ಸುಮಾರು 125 ಪದ ಓಡ್ತೈತಿ (ಇದು ಇಂಗ್ಲಿಷಿನ ಲೆಕ್ಕ ಮತ್ತ), ತಲಿ ಅದಕ್ಕಿಂತ ಭಾಳ ಜೋರು. ಉಳಿದ ಹೊತ್ತಿನ್ಯಾಗ ನಾವು ಉತ್ತರ ಕಟ್ಕೋತ ಕುಂದರ್ತೀವಿ. ಅದರ ಬದಲಿ ಮಾತಾಡೋರು ಅಂದಿದ್ದನ್ನ ಮನಸಿನ್ಯಾಗ ಒಮ್ಮೆ ಕೂಡಿಸ್ಕೊಳ್ರಿ. ಆಮ್ಯಾಲೆ "ಅಂದ್ರ ಗೇಟು ಪೂರ್ತಿ ಮುಚ್ಚೋದೇ ಇಲ್ಲ, ಹೌದಲ್ರಿ?" ಅಂತ ಕೇಳ್ರಿ. ತಪ್ಪಿದ್ರ ಅವರೇ ತಿದ್ತಾರ.

ಮೊಬೈಲು ಮಗುಚಿ ಇಟ್ರ ಸಾಲದು, ಕಿಸೆದಾಗ ಹಾಕ್ರಿ. ಹಿರಿಯರು ನಿಧಾನ ಮಾತಾಡ್ತಾರ, ಅವರ ಮಾತು ನೀವು ಮುಗಿಸಬ್ಯಾಡ್ರಿ. ಸಭೆ ನಡೆಸೋರು ಮುಂದಿನ ಸಲ ಕೆಳಭಾಗದವರಿಗೇ ಮೊದಲು ಮಾತಾಡಾಕ ಬಿಡ್ರಿ.