ಹನ್ನೊಂದು ‘ಅಯ್ಯೋ’

ಮುಂಬೈಯ ವರ್ಸೋವಾದ ಆರಾಮ್ ನಗರದಲ್ಲಿ ಹಳೇ ಬಂಗಲೆಗಳೆಲ್ಲ ಈಗ ಕಾಸ್ಟಿಂಗ್ ಆಫೀಸು, ರಿಹರ್ಸಲ್ ಹಾಲು. ಅಂಥದ್ದೇ ಒಂದರಲ್ಲಿ ಕೂತು ನಾನು ಒಂದು ಹಿಂದಿ ಕಾಮಿಡಿಗೆ ನಟರ ಮಾತು ತಿದ್ದುವ ಕೆಲಸ ಮಾಡಿದೆ. ಶ್ರೀಮಂತರ ಮನೆ ಹುಡುಗನಿಗೆ ಬಾಡಿಗಾರ್ಡ್ ಬೇಕು, ಏಜೆನ್ಸಿ ಅಗ್ಗದವನನ್ನು ಕಳಿಸುತ್ತೆ. ಅಷ್ಟೇ ಕಥೆ. ಅವನ ಜೊತೆಗಾರ ಗಾರ್ಡ್ ಕಲಬುರಗಿಯವನು. ಹೆಸರೇ ಇಲ್ಲ, ಸ್ಕ್ರಿಪ್ಟಲ್ಲಿ ಬರೀ ‘ಅಣ್ಣಾ’. ಮೊದಲ ಸೀನಲ್ಲೇ ಹನ್ನೊಂದು ಸಲ ‘ಅಯ್ಯೋ’. ಪೆನ್ಸಿಲ್ ಹಿಡಿದು ಎಣಿಸಿದ್ದೆ.

ನಿರ್ದೇಶಕರ ತಲೆಯಲ್ಲಿ ಕೂತಿದ್ದು 1968ರ ಹಿಂದಿ ಸಿನಿಮಾ ‘ಪಡೋಸನ್’ನ ಹಾಸ್ಯನಟ ಮೆಹಮೂದ್. ಅದನ್ನು ನೋಡಿದರೆ ನನಗೂ ನಗು ಬರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಮದ್ರಾಸ್ ಕಡೆಯ ಸಂಗೀತದ ಮೇಷ್ಟ್ರ ಪಾತ್ರ. ಕಲಬುರಗಿಯವನ ಬಾಯಿಗೆ ಅದೇ ಮಾತು ತುರುಕಿದರೆ ಹೇಗೆ?

ಮೊದಲ ಮೀಟಿಂಗಲ್ಲಿ ಪ್ರಾತಿನಿಧ್ಯ, ವೈವಿಧ್ಯ ಅಂತ ಭಾಷಣ ಬಿಗಿದೆ. ಎಲ್ಲರೂ ಫೋನ್ ನೋಡತೊಡಗಿದರು. ಎರಡನೇ ಸಲ ಆ ಪದಗಳನ್ನು ಎತ್ತಲೇ ಇಲ್ಲ. ಸುಮ್ನೆ ಒಂದು ರೆಕಾರ್ಡಿಂಗ್ ಹಾಕಿದೆ.

ಗೋರೆಗಾಂವ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಗಾರ್ಡ್ ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವರು. ರಾತ್ರಿ ಗೇಟ್ ಹತ್ತಿರ ಕೂತು, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿದ್ದು. "ನಾ ಕುರ್ಚಿ ಮ್ಯಾಲ ಕುಂತಿರ್ತೀನ್ರೀ ಅಕ್ಕಾರ, ಅದ್ರಾಗ ನಗೂದು ಏನದ?" ಅಂದರು. ಆ ಕಡೆಯ ಉರ್ದು ಮಾತು ದಖನಿ ಕೇಳಿಕೊಂಡೇ ಬೆಳೆದವರು, ಅವರ ಹಿಂದಿ ಎಲ್ಲೂ ಎಡವಲ್ಲ. ಹೌದು ಅನ್ನೋಕೆ ‘ಹೌ’, ಬೇಡ ಅನ್ನೋಕೆ ‘ನಕ್ಕೋ’. ಎಡವೋದು ನಾನು, ಉಡುಪಿಯವಳು. ಮುಂಬೈಗೆ ಬಂದು ಇಪ್ಪತ್ತು ವರ್ಷ ಆದರೂ ‘ಗಾಡಿ ಆ ಗಯಾ’ ಅಂತೀನಿ. ಕನ್ನಡದಲ್ಲಿ ಗಾಡಿ ‘ಬಂತು’, ಅದಕ್ಕೆ ಗಂಡು ಹೆಣ್ಣಿನ ಗೊಡವೆ ಇಲ್ಲ. ಹಿಂದಿಯಲ್ಲಿ ಅದು ಹೆಣ್ಣಂತೆ!

ಒಂದೇ ರಾಜ್ಯದ ಇಬ್ಬರದು ಎರಡು ಥರದ ಹಿಂದಿ. ಬರಹಗಾರ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆ ಸಂಜೆಯೇ ಏಜೆನ್ಸಿಯ ಯಜಮಾನ ಉಡುಪಿಯವನಾದ. ಅವನು ಗಿರಾಕಿ ಎದುರು ‘ಗಾಡಿ ಆ ಗಯಾ’ ಅಂತಾನೆ. ಹಿಂದೆ ನಿಂತ ಗಾರ್ಡ್ ಮೆಲ್ಲಗೆ ‘ಗಯೀ, ಸಾಬ್’ ಅಂತಾನೆ. ಮೂರನೇ ಸಲಕ್ಕೆ ಯಜಮಾನ ಗಾಡಿಯ ಸಹವಾಸವೇ ಬೇಡ ಅಂತ ನಡೆದೇ ಹೊರಡುತ್ತಾನೆ. ಸೆಟ್ಟಲ್ಲಿ ಲೈಟ್‌ಬಾಯ್‌ಗಳೂ ನಕ್ಕರು. ಗಾರ್ಡ್‌ಗೆ ಒಂದು ಹೆಸರೂ ಸಿಕ್ಕಿತು, ಶರಣಪ್ಪ.

ಇನ್ನು ಮೈಕಟ್ಟಿನ ವಿಷಯ. ಕಾಸ್ಟಿಂಗ್‌ನವರು ಆರಡಿ ಹುಡುಗರನ್ನೇ ಸಾಲಾಗಿ ನಿಲ್ಲಿಸಿದ್ದರು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ. ಅದರ 2006ರ ಮಾದರಿ ನಿಯಮ ತೆಗೆದು ಓದಿದೆ: ಗಂಡಸರಿಗೆ 160 ಸೆಂ.ಮೀ. ಎತ್ತರ, ಹೆಂಗಸರಿಗೆ 150 ಇದ್ದರೆ ಸಾಕು ಅಂತಿತ್ತು. 150 ಅಂದರೆ ಐದಡಿಯೂ ಇಲ್ಲ. ದಪ್ಪ ಹೀರೋ ಅಷ್ಟೆತ್ತರದ ಲೇಡಿ ಗಾರ್ಡ್ ಹಿಂದೆ ಬಚ್ಚಿಟ್ಟುಕೊಳ್ಳೋದನ್ನು ಊಹಿಸಿ ನಿರ್ದೇಶಕರು ಟೇಬಲ್ ಕುಟ್ಟಿದರು. ಪಾತ್ರ ಒಳಗೆ ಬಂತು. ನ್ಯಾಯ ಅನಿಸಿ ಅಲ್ಲ, ನಗು ಬಂದದ್ದಕ್ಕೆ. ನನಗೇನು, ಬಂತಲ್ಲ!

ಎಲ್ಲ ಗೆದ್ದೆ ಅಂತಲ್ಲ. ಶರಣಪ್ಪನ ಪಾತ್ರಕ್ಕೆ ಇಲ್ಲಿನ ಕನ್ನಡ ನಾಟಕದ ನಟರೊಬ್ಬರನ್ನು ಕರೆತಂದಿದ್ದೆ. ‘ಮುಖ ಗೊತ್ತಿಲ್ಲ’ ಅಂತ ವಾಪಸ್ ಕಳಿಸಿದರು. ಸಿಕ್ಕಿದ್ದು ಚಂಡೀಗಢದ ಬೆಳ್ಳನೆ ಹುಡುಗ. ಮೊದಲ ದಿನ ಮೇಕಪ್‌ನವರು ಅವನ ಮುಖಕ್ಕೆ ಕಂದು ಬಣ್ಣ ಬಳಿದು ಕೂರಿಸಿದ್ದರು, ಕಿವಿಯ ಹಿಂದೆ ಮಾತ್ರ ಬೆಳ್ಳಗೆ. ಜಗಳ ಆಡಿ ತೊಳೆಸಿದೆ. ಡಬ್ಬಿಂಗಲ್ಲಿ ನಾನಿಲ್ಲದ ದಿನ ನೋಡಿ ಎರಡು ‘ಅಯ್ಯೋ’ ವಾಪಸ್ ಸೇರಿಸಿದ್ದರು. ಅವು ಹಾಗೇ ಉಳಿದವು.

ಗಾಡಿ ಸೀನನ್ನು ನಮ್ಮ ಗಾರ್ಡ್‌ಗೆ ಫೋನಲ್ಲಿ ತೋರಿಸಿದೆ. ಎರಡು ಸಲ ನೋಡಿದರು. ‘ಹೌ’, ‘ನಕ್ಕೋ’ ಬಗ್ಗೆ ಏನೋ ಹೇಳ್ತಾರೆ ಅಂತ ಕಾದೆ. ಅವರ ಕಣ್ಣು ಬೇರೆ ಕಡೆ ಇತ್ತು.

"ಅಕ್ಕಾರ, ಡ್ಯೂಟಿ ಮ್ಯಾಲ ಬಿಳಿ ಬೂಟು ಯಾರ್ ಹಾಕ್ತಾರ್ರೀ? ನಮ್ ಸೂಪರ್‌ವೈಸರ್ ಆಗಿದ್ರ ಪಗಾರ ಕಟ್ ಮಾಡ್ತಿದ್ದ."