ಉಬಿನ್ ದ್ವೀಪದಲ್ಲಿ ಹೊಂಬಣ್ಣದ ತಲೆಯ ಪಿಕಳಾರ ನೋಡುವುದು ಹೇಗೆ

ಸಿಂಗಪುರದ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ಒಂದು ಬೆಳಿಗ್ಗೆ ನನಗೇ ಬಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಪುಲಾವ್ ಉಬಿನ್ ದ್ವೀಪಕ್ಕೆ ಕರೆದುಕೊಂಡು ಹೋಗಿ ಹೊಂಬಣ್ಣದ ತಲೆಯ ಪಿಕಳಾರ, ಅಂದರೆ ಸ್ಟ್ರಾ ಹೆಡೆಡ್ ಬುಲ್ಬುಲ್ ತೋರಿಸಬೇಕು. ಮಲಯ ಭಾಷೆಯಲ್ಲಿ ಇದು ಬರಾವ್ ಬರಾವ್. ಒಂದು ಕಾಲಕ್ಕೆ ಜಾವಾ, ಸುಮಾತ್ರಾ, ಬೋರ್ನಿಯೊ ದ್ವೀಪಗಳ ತಗ್ಗುಕಾಡುಗಳಲ್ಲಿ, ಹೊಳೆಯಂಚಿನಲ್ಲಿ ಧಾರಾಳವಾಗಿತ್ತು. ಚೆನ್ನಾಗಿ ಹಾಡುತ್ತದೆ ಎಂದೇ ಜನ ಹಿಡಿದು ಪಂಜರಕ್ಕೆ ಹಾಕಿದರು. 2018ರಿಂದ ಇದು ತೀವ್ರ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಸಿಂಗಪುರದಲ್ಲಿ ಇನ್ನೂರಕ್ಕೂ ಹೆಚ್ಚು ಉಳಿದಿವೆ. ಅದರಲ್ಲಿ ದೊಡ್ಡ ಪಾಲು ಉಬಿನ್‌ನಲ್ಲೇ.

ಬೇಗ ಹೊರಡಿ. ತನಾ ಮೆರಾ ಸ್ಟೇಷನ್ನಿನಿಂದ 2ನೇ ನಂಬರ್ ಬಸ್ಸು ಚಾಂಗಿ ವಿಲೇಜ್‌ಗೆ ಹೋಗುತ್ತದೆ. ದೋಣಿಕಟ್ಟೆ ಪಕ್ಕದಲ್ಲೇ ಇದೆ. ಹನ್ನೆರಡು ಜನ ಸೇರಿದರೆ ದೋಣಿ ಹೊರಡುತ್ತದೆ. ಕೈಯಲ್ಲಿ ಚಿಲ್ಲರೆ ದುಡ್ಡಿರಲಿ. ಇಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ, ಹಾಗಾಗಿ ಮೊದಲ ದೋಣಿಗಳಲ್ಲೊಂದು ಸಿಕ್ಕರೆ ಸಾಕು. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಬೇಡಿ. ಕೋತಿಗಳು ಬಿಡುವುದಿಲ್ಲ. ನಮ್ಮತ್ತೆಯ ಚಿತ್ರಾನ್ನದ ಡಬ್ಬಿ ಈಗ ಬ್ಯಾಗಿನ ತಳದಲ್ಲೇ ಪ್ರಯಾಣ ಮಾಡುತ್ತದೆ.

ಇಳಿದ ತಕ್ಷಣ ಸೈಕಲ್ ಬಾಡಿಗೆಗೆ ತಗೊಳ್ಳೋಣ ಎನ್ನಿಸುತ್ತದೆ. ಬೇಡ, ನಡೆಯಿರಿ. ಸೈಕಲ್ ಮೇಲೆ ಕಿವಿಗೆ ಗಾಳಿ ಮಾತ್ರ ಕೇಳುತ್ತದೆ. ಈ ಹಕ್ಕಿಯನ್ನು ಹುಡುಕಬೇಕಾದದ್ದು ಕಿವಿಯಿಂದಲೇ. ಹಳ್ಳಿಯ ಬೀದಿ ದಾಟಿ ಪೆಕಾನ್ ಕ್ವಾರಿಯ ಕಡೆ ಹೋಗಿ. ಮೊದಲು ಅಲ್ಲಿ ಗ್ರಾನೈಟ್ ತೆಗೆಯುತ್ತಿದ್ದರು, ಈಗ ಆ ಹಳ್ಳ ತುಂಬ ನೀರು. ದ್ವೀಪದಲ್ಲಿ ಹಿಂದೆ ಇದ್ದ ತೋಟಗಳ ಡುರಿಯನ್, ರಂಬುಟಾನ್, ರಬ್ಬರ್ ಮರಗಳು ಕಾಡಿನ ಜೊತೆ ಬೆರೆತುಬಿಟ್ಟಿವೆ. ದಟ್ಟ ಕಾಡಿನ ನಡುವಿಗಿಂತ ಇಂಥ ಅಂಚುಗಳೇ ಇದಕ್ಕೆ ಇಷ್ಟ.

ಎಲ್ಲಾದರೂ ಹತ್ತು ನಿಮಿಷ ಸುಮ್ನೆ ನಿಲ್ಲಿ. ಮೊದಲು ಕೇಳುವುದು ಬಹುಶಃ ಮಡಿವಾಳ ಹಕ್ಕಿ. ಅದರ ಸಿಳ್ಳೆ ತೆಳು, ಚೂಪು. ಬರಾವ್ ಬರಾವ್ ದನಿ ದಪ್ಪ. ಕಿರುಬಾಯಿಯ ಹೂಜಿಯಿಂದ ನೀರು ಸುರಿದಂತೆ ಸ್ವರಗಳು ಗುಳುಗುಳು ಉರುಳುತ್ತವೆ. ಒಂದು ಶುರು ಮಾಡಿದರೆ ಜೋಡಿಯೂ ದನಿಗೂಡಿಸುತ್ತದೆ. ಒಮ್ಮೆ ಕೇಳಿದರೆ ಮತ್ತೆ ಅನುಮಾನ ಬರುವುದಿಲ್ಲ.

ಆಮೇಲೆ ಕಣ್ಣಿಗೆ ಕೆಲಸ. ನಮ್ಮ ತೋಟದ ಪಿಕಳಾರದ ಅಳತೆ ಮನಸ್ಸಿನಲ್ಲಿಟ್ಟುಕೊಂಡು ನೋಡಬೇಡಿ. ಇದು 29 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಪಿಕಳಾರಗಳ ಬಳಗದಲ್ಲೇ ತುಂಬಾ ದೊಡ್ಡದು. ಒಣಹುಲ್ಲಿನ ಹೊಂಬಣ್ಣದ ತಲೆ, ಕಣ್ಣಿನ ಬಳಿ ಕಪ್ಪು ಪಟ್ಟಿ, ಕೆಳಗೆ ಕಪ್ಪು ಮೀಸೆ, ಬಿಳಿ ಗಂಟಲು. ಮೈ ಕಂದು, ಎದೆಯ ಮೇಲೆ ಬಿಳಿ ಗೀರು. ಹಣ್ಣು ಬಿಟ್ಟ ಅತ್ತಿ ಜಾತಿಯ ಮರ ಕಂಡರೆ ಅಲ್ಲೇ ಕಾಯಿರಿ.

ಇನ್ನೊಂದು ಮಾತು. ಇದನ್ನು ಬೇಡಿಕೊಂಡೇ ಹೇಳುತ್ತೇನೆ. ಫೋನಿನಲ್ಲಿ ಇದರ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ಬಂತೆಂದು ಹೆದರಿ ಹೊರಗೆ ಬರುತ್ತದೆ. ಮರಿ ಸಾಕುವ ಹೊತ್ತಿನಲ್ಲಿ ಅದಕ್ಕೆ ಈ ಗಾಬರಿ ಯಾಕೆ? ಗೂಡು ಕಂಡರೆ ಫೋಟೊ ತೆಗೆಯದೆ ಮುಂದೆ ನಡೆಯಿರಿ. ಜಾಗ ಯಾರಿಗೂ ಹೇಳಬೇಡಿ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. 2022ರಲ್ಲಿ ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದದ ಒಂದನೇ ಅನುಬಂಧಕ್ಕೆ ಸೇರಿಸಿ, ಕಾಡಿನಿಂದ ಹಿಡಿದ ಈ ಹಕ್ಕಿಯ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಿದ್ದಾರೆ. ಆದರೂ ಕದ್ದು ಕೊಳ್ಳುವವರು ಇದ್ದಾರೆ. ಜಾವಾದ ಕಾಡುಗಳನ್ನು ಹೀಗೇ ಖಾಲಿ ಮಾಡಿದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹತ್ತು ಗಂಟೆಯ ನಂತರ ಬಿಸಿಲು ಜಾಸ್ತಿ, ಹಾಡು ಕಡಿಮೆ. ಅಷ್ಟರಲ್ಲಿ ಸಿಗದಿದ್ದರೆ ನೆರಳಿನಲ್ಲಿ ಊಟ ಮುಗಿಸಿ, ಸಂಜೆ ನಾಲ್ಕರ ಮೇಲೆ ಮತ್ತೆ ಅದೇ ದಾರಿಯಲ್ಲಿ ನಡೆಯಿರಿ. ದೋಣಿ ಹತ್ತಲಾಗದ ಹಿರಿಯರಿದ್ದರೆ ಬುಕಿಟ್ ಬಾಟೊಕ್ ನೇಚರ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಅಲ್ಲೂ ಇವೆ.